ಬೆಲ್ಲದ ಕಾಫಿ, ಪೆನ್ಸಿಲ್ಲು, 40 ರೂಪಾಯಿ ಫೈನು: ಮಡಿಕೇರಿಯ ಒಂದು ಮಹಡಿ ಕೆಫೆ

ಬಿಲ್ ಬಂದಿದ್ದು 640 ರೂಪಾಯಿ. ನಾನು ತಂಗಿ ಇಬ್ರೇ, ನಾಲ್ಕು ಬೆಲ್ಲದ ಕಾಫಿಗೆ 120, ಎರಡು ಪ್ಲೇಟ್ ಅಕ್ಕಿ ಒಟ್ಟಿ (ರೊಟ್ಟಿ) ಎಳ್ಳು ಪಜ್ಜಿಗೆ (ಚಟ್ನಿ) 120, ಎರಡು ಪ್ಲೇಟ್ ಕಡಂಬುಟ್ಟಿಗೆ (ಅಕ್ಕಿ ತರಿಯ ಉಂಡೆ) 120, ಒಂದು ಪಂದಿ ಕರಿಗೆ (ಹಂದಿ ಮಾಂಸ) 240, ಹೇಗೆ ಕೂಡಿದ್ರೂ 600 ಆಗ್ಬೇಕು. ಉಳಿದ 40 ಎಂಥದ್ದಕ್ಕೆ ಅಂತ ಕೇಳಿದ್ರೆ ಕೌಂಟರ್‌ನಲ್ಲಿದ್ದ ಅಕ್ಕ ಕನ್ನಡಕದ ಮೇಲಿಂದ ನೋಡಿ, "ಸೂಪರ್‌ಗೆ 10, ಅದ್ಭುತಕ್ಕೆ 10, ಮನಮುಟ್ಟಿತುಗೆ 10, ಹೀಗೇ ಬರೀತಿರಿಗೆ 10" ಅಂದ್ರು. ಎಲ್ಲಾ ನಾನೇ ಬರೆದಿದ್ದು, ಇಲ್ಲಿ ಸೇರೋ ಬೇರೆ ಬ್ಲಾಗಿನವರ ಬರಹದ ಹಾಳೆಯ ಅಂಚಲ್ಲಿ, ಪೆನ್ಸಿಲ್‌ನಲ್ಲಿ, ಆ ಹಾಳೆ ಪೂರ್ತಿ ಓದದೇನೇ. ತೆತ್ತೆ. ಮತ್ತೆಂಥ ಮಾಡೋದು.

ಈ ಕೆಫೆ ಹೆಸರು ಇಲ್ಲಿ ಹಾಕಲ್ಲ. ಹಾಕ್ಬೇಡ ಅಂತ ಅಕ್ಕನೇ ಹೇಳಿದ್ದು, ಒಂದ್ಸಲ ಮ್ಯಾಪಲ್ಲಿ ಫೇಮಸ್ ಆಯ್ತು ಅಂದ್ರೆ ಶನಿವಾರ ಭಾನುವಾರ ರಾಜಾಸೀಟ್ ನೋಡ್ಕೊಂಡು ಬಂದ ಕಾರುಗಳೆಲ್ಲ ಇಲ್ಲೇ ನಿಲ್ತಾವೆ, ಆಮೇಲೆ ನಿಮಗೆಲ್ಲಿ ಜಾಗ ಅಂತ. ಮಡಿಕೇರಿಯವರಿಗೆ ಗೊತ್ತಾಗೋದಾದ್ರೆ ಇಷ್ಟು ಸಾಕು: ಓಂಕಾರೇಶ್ವರ ದೇವಸ್ಥಾನದ ಕಡೆ ಇಳಿಯೋ ರಸ್ತೆ, ಕೆಳಗೆ ಹಾರ್ಡ್‌ವೇರ್ ಅಂಗಡಿ, ಪಕ್ಕದಲ್ಲಿ ಮರದ ಮೆಟ್ಟಿಲು, ಮೇಲೆ ಒಂದೇ ಒಂದು ಉದ್ದ ರೂಮು, ಆರು ಟೇಬಲ್. ಬಾಗಿಲ ಹತ್ರ ಕೊಡೆ ಇಡೋಕೆ ಒಂದು ಬಕೆಟ್. ಜೂನಿಂದ ಸೆಪ್ಟೆಂಬರ್ ತನಕ ಆ ಬಕೆಟ್ ದಿನಾ ಎರಡು ಸಲ ತುಂಬುತ್ತೆ, ಉತ್ಪ್ರೇಕ್ಷೆ ಅಲ್ಲ.

ಅಕ್ಕ ಮೊದಲು ಮೈಸೂರಲ್ಲಿ ಒಂದು ಪ್ರೆಸ್‌ನಲ್ಲಿ ಪ್ರೂಫ್ ನೋಡ್ತಿದ್ದವರು. ಆ ಚಟ ಇನ್ನೂ ಬಿಟ್ಟಿಲ್ಲ, ಮೆನು ಕಾರ್ಡಲ್ಲೂ ಒಂದು ತಪ್ಪಿಲ್ಲ, ಕೊಡಗಲ್ಲಿ ಇನ್ಯಾವ ಹೋಟೆಲ್ ಬೋರ್ಡ್ ಬಗ್ಗೆ ಈ ಮಾತು ಹೇಳ್ಬಹುದು ಹೇಳಿ. ಗೋಡೆ ಮೇಲೆ ಕೊಡಗಿನ ಗೌರಮ್ಮನ ಫೋಟೋ ಉಂಟು, ಕೆಳಗೆ 1912-1939 ಅಂತ ಬರೆದಿದೆ. ಇಪ್ಪತ್ತೇಳಕ್ಕೇ ಹೋದವರು, ಮಿಸೆಸ್ ಬಿ.ಟಿ.ಜಿ. ಕೃಷ್ಣ ಅಂತ ಗಂಡನ ಹೆಸರಲ್ಲಿ ಸಹಿ ಹಾಕಿ ಕತೆ ಬರೀತಿದ್ದವರು. ಅವರ ಎದುರು ಕೂತ್ಕೊಂಡು ಬರೆಯೋಕೆ ಟೈಮ್ ಸಿಗಲ್ಲ ಅಂತ ಗೊಣಗೋಕೆ ನಾಚಿಕೆ ಆಗುತ್ತೆ, ಅಕ್ಕ ಬೇಕಂತಲೇ ಅಲ್ಲಿ ಹಾಕಿದ್ದಾರೆ ಅನ್ಸುತ್ತೆ.

ಸರಿ, ಇಲ್ಲಿ ನಡೆಯೋದೇನು ಅಂತ ಹೇಳ್ತೀನಿ. ತಿಂಗಳ ಕೊನೇ ಶನಿವಾರ ಮಧ್ಯಾಹ್ನ 3ಕ್ಕೆ ಬ್ಲಾಗ್ ಬರೆಯೋವ್ರು ಸೇರ್ತಾರೆ. ಈಗ ನಾವು ಒಂಬತ್ತು ಜನ. ಸೋಮವಾರಪೇಟೆಯ ಟೀಚರ್, ನಾಪೋಕ್ಲಿನ ಅಣ್ಣ, ವಿರಾಜಪೇಟೆಯ ರಿಟೈರ್ಡ್ ಬ್ಯಾಂಕ್ ಅಂಕಲ್, ಬೈಕಲ್ಲಿ ಊರೂರು ಸುತ್ತಿ ಬರೆಯೋ ಕುಶಾಲನಗರದ ಹುಡುಗ, ಗೋಣಿಕೊಪ್ಪದ ಅಡುಗೆ ಅಕ್ಕ, ಸುಂಟಿಕೊಪ್ಪದ ನರ್ಸ್, ಮಕ್ಕಂದೂರು ಕಡೆಯ ಒಬ್ಬ ಹುಡುಗಿ, ನಾನು, ನನ್ನ ತಂಗಿ. ಹಾರ್ಲಿಕ್ಸ್ ಬಾಟಲಿಯಿಂದ ಒಂದು ಚೀಟಿ ಎತ್ತೋದು, ಅದರಲ್ಲಿ ಬಂದಿದ್ದೇ ಮುಂದಿನ ತಿಂಗಳ ವಿಷಯ. ಮುನ್ನೂರು ಪದ ಬರೆದು, ಪ್ರಿಂಟ್ ತೆಗೆದು, ಬಲಗಡೆ ನಾಲ್ಕು ಬೆರಳು ಜಾಗ ಬಿಟ್ಟು ತರೋದು. ಹಾಳೆ ಬಲಕ್ಕೆ ಸುತ್ತುತ್ತೆ, ಒಬ್ಬೊಬ್ಬರ ಹತ್ರ ಹತ್ತು ನಿಮಿಷ ಇರುತ್ತೆ, ಆ ಹತ್ತು ನಿಮಿಷ ಯಾರೂ ಮಾತಾಡಂಗಿಲ್ಲ. ಓದಿ, ಮನಸ್ಸಲ್ಲಿ ನಿಂತ ಒಂದು ಸಾಲಿಗೆ ಗೆರೆ ಎಳೆದು ಯಾಕೆ ನಿಲ್ತು ಅಂತ ಬರೀಬೇಕು, ಆಮೇಲೆ ನಿಜವಾಗ್ಲೂ ತಿಳ್ಕೋಬೇಕು ಅನ್ಸಿದ ಒಂದು ಪ್ರಶ್ನೆ ಕೇಳ್ಬೇಕು. ಅಷ್ಟೇ ನಿಯಮ. ಬರೆದವರು ಎಲ್ಲಾ ಸುತ್ತು ಮುಗಿಯೋ ತನಕ ಬಾಯಿ ಮುಚ್ಕೊಂಡು ಕಾಫಿ ಕುಡೀಬೇಕು, "ಅಲ್ಲ ನಾನು ಹೇಳೋಕೆ ಹೊರಟಿದ್ದು" ಅಂತ ಶುರು ಮಾಡಂಗಿಲ್ಲ. ಸೂಪರ್ರು ಅದ್ಭುತ ಎಲ್ಲ ಬರೆದ್ರೆ ಪದಕ್ಕೆ ಹತ್ತು ರೂಪಾಯಿ ಡಬ್ಬಿಗೆ. ಡಬ್ಬಿ ದುಡ್ಡಲ್ಲಿ ಪೆನ್ಸಿಲ್ಲು, ಶಾರ್ಪ್‌ನರ್ರು, ತರದೇ ಬಂದವರ ಪ್ರಿಂಟೌಟು.

ಇದು ಎಂಥ ದೊಡ್ಡ ವಿಷಯ ಅನ್ಸಬಹುದು ನಿಮಗೆ. ನಂಗೆ ದೊಡ್ಡದೇ. ನಾನು ಬ್ಲಾಗ್ ಶುರು ಮಾಡಿದ್ದು 2009ರಲ್ಲಿ, ಗೂಗಲ್‌ನವರ ಬ್ಲಾಗರ್‌ನಲ್ಲಿ, ಬರಹ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡು ಕನ್ನಡ ಟೈಪ್ ಮಾಡಿ, ಬ್ರಾಡ್‌ಬ್ಯಾಂಡ್ ಇದ್ದಾಗ ಪೋಸ್ಟ್ ಮಾಡಿ, ಇಲ್ಲದಾಗ ಕರೆಂಟಿಗೆ ಬೈದುಕೊಂಡು. ಆಗ ಕನ್ನಡ ಬ್ಲಾಗು ಜೋರಿತ್ತು, ಕಾಮೆಂಟೂ ಬೇಜಾನ್ ಬರ್ತಿತ್ತು. ಏನಂತ ಬರ್ತಿತ್ತು? "ಚೆನ್ನಾಗಿದೆ. ನನ್ನ ಬ್ಲಾಗಿಗೂ ಒಮ್ಮೆ ಬನ್ನಿ." ಮದುವೆ ಮನೇಲಿ ಬಾಗಿಲಲ್ಲಿ ಕೂತು ಮುಯ್ಯಿ ಬರ್ಕೊಳ್ತಾರಲ್ಲ, ಅವರು 101 ಹಾಕಿದ್ರಾ ನಾವೂ 101 ಹಾಕೋಣ, ಆ ಲೆಕ್ಕ. ಮದುಮಗಳ ಮುಖ ಯಾರೂ ಸರಿಯಾಗಿ ನೋಡಿರಲ್ಲ. ನಾನೂ ಅದನ್ನೇ ಮಾಡಿದೆ, ಸುಳ್ಳು ಯಾಕೆ ಹೇಳ್ಲಿ, ಒಂದು ಸಂಜೆಗೆ ಇಪ್ಪತ್ತು ಕಡೆ ಚೆನ್ನಾಗಿದೆ ಅಂಟಿಸಿ ಬಂದಿದ್ದುಂಟು.

ಆ ನಾಲ್ಕು ವರ್ಷದಲ್ಲಿ ನೆನಪಿರೋದು ಒಂದೇ ಕಾಮೆಂಟು. ಅಜ್ಜಿ ಕಾಚಂಪುಳಿ (ಹಣ್ಣಿನ ರಸ ಕಾಯಿಸಿ ಮಾಡೋ ನಮ್ಮ ಕಪ್ಪು ಹುಳಿ) ಮಾಡೋದ್ರ ಬಗ್ಗೆ ಬರೆದಿದ್ದೆ, ಸುಮಾರಾಗಿ, ಅಜ್ಜಿಯ ಕೈರುಚಿ ಅದೂ ಇದೂ ಅಂತ. ಯಾರೋ ಗುರುತಿಲ್ಲದವರು ಬಂದು, "ಹಣ್ಣು ಬುಟ್ಟೀಲಿ ಹಾಕಿ ಕೆಳಗೆ ಪಾತ್ರೆ ಇಡ್ತಿದ್ರಾ, ರಸ ತಾನಾಗೇ ಇಳಿಯೋಕೆ ಎಷ್ಟು ದಿನ ಬಿಡ್ತಿದ್ರು, ಆಮೇಲೆ ಕಾಯಿಸೋದು ಸೌದೆ ಒಲೆಯಲ್ಲೇನಾ" ಅಂತ ಕೇಳಿದ್ರು. ನಂಗೆ ಉತ್ತರ ಗೊತ್ತಿರ್ಲಿಲ್ಲ! ಅಜ್ಜಿ ಬಗ್ಗೆ ಎರಡು ಪುಟ ಬರೆದವಳಿಗೆ ಗೊತ್ತಿರ್ಲಿಲ್ಲ. ಅಮ್ಮಂಗೆ ಫೋನ್ ಮಾಡಿದೆ, ಅಮ್ಮ ದೊಡ್ಡಮ್ಮಂಗೆ ಮಾಡಿದ್ರು, ದೊಡ್ಡಮ್ಮ ಒಂದು ಗಂಟೆ ಮಾತಾಡಿದ್ರು, ಮೂರು ಪೋಸ್ಟ್ ಆಯ್ತು ಅದರಿಂದ, ನಾನು ಬರೆದಿದ್ದರಲ್ಲಿ ಅವು ಮೂರೇ ಇವತ್ತಿಗೂ ಓದೋ ಹಂಗಿವೆ. ಆಮೇಲೆ ಫೇಸ್‌ಬುಕ್ ಬಂತು, ಹೆಬ್ಬೆಟ್ಟು ಒತ್ತಿದ್ರೆ ಮುಗೀತು, 2013ಕ್ಕೆ ನನ್ನ ಬ್ಲಾಗು ಮಲಗ್ತು. ಈ ಕೆಫೆಗೆ ಬಂದ್ಮೇಲೆ ಮತ್ತೆ ಎದ್ದಿದೆ, ಕುಂಟ್ತಾ.

ಈ ಸಲದ ಮಳೆಗಾಲದ ಸವಾಲಿನ ಬಗ್ಗೆ ಹೇಳಲೇಬೇಕು. ಇಂಗ್ಲಿಷ್ ಬ್ಲಾಗಿನವರಲ್ಲಿ ಏಪ್ರಿಲ್ ತಿಂಗಳು ಎ ಟು ಝೆಡ್ ಚಾಲೆಂಜ್ ಅಂತ ಒಂದುಂಟು, 2010ರಲ್ಲಿ ಅಮೆರಿಕದ ಒಬ್ಬ ಬ್ಲಾಗರ್ ಶುರು ಮಾಡಿದ್ದು, ಭಾನುವಾರ ಬಿಟ್ಟು ದಿನಕ್ಕೊಂದು ಅಕ್ಷರ, 26 ಪೋಸ್ಟು. ಬರೆದು ಸುಮ್ನಾಗೋದಲ್ಲ, ಪಟ್ಟಿಯಲ್ಲಿರೋ ಬೇರೆಯವರನ್ನ ಓದಿ ಕಾಮೆಂಟ್ ಹಾಕೋದೂ ಆಟದ ಭಾಗ. ಕುಶಾಲನಗರದ ಹುಡುಗ ಅದನ್ನ ಮಾಡಿದ್ದನಂತೆ, ನಾವೂ ಮಾಡೋಣ ಅಂದ. ಟೀಚರ್ ಬಿಡ್ತಾರಾ, "ಮಾಡೋದಾದ್ರೆ ನಮ್ಮ ಅಕ್ಷರದಲ್ಲಿ ಮಾಡಪ್ಪ, ಅ ಇಂದ ಳ ತನಕ, 49" ಅಂದ್ರು. 49 ದಿನ ಎಲ್ಲಿಂದ ತರೋದು ಅಂತ ಎಲ್ರೂ ಮುಖ ಮುಖ ನೋಡ್ಕೊಂಡ್ವಿ. ಆಗ ನಾಪೋಕ್ಲಿನ ಅಣ್ಣ ಕ್ಯಾಲೆಂಡರ್ ಹತ್ರ ಹೋಗಿ ಬೆರಳಿಟ್ಟು ಎಣಿಸಿದ್ರು. ಕಕ್ಕಡ, ಅಂದ್ರೆ ಕೊಡವರ ಮಳೆಗಾಲದ ತಿಂಗಳು, ಅದರ ಒಂದನೇ ದಿನ ಜುಲೈ 17. ಅಲ್ಲಿಂದ 49ನೇ ದಿನ ಯಾವತ್ತು ಗೊತ್ತಾ? ಸೆಪ್ಟೆಂಬರ್ 3. ಕೈಲ್‌ಪೊಳ್ದ್, ನಮ್ಮ ಆಯುಧ ಪೂಜೆ ಹಬ್ಬ! ನಾಟಿ ಕೆಲಸ ಶುರು ಆದಾಗ ಅ, ಹಬ್ಬದ ದಿನ ಳ. ಅಕ್ಕ ಅವತ್ತು ಎಲ್ರಿಗೂ ಒಂದೊಂದು ಕಾಫಿ ಫ್ರೀ ಕೊಟ್ರು, ಅದಾದ್ಮೇಲೆ ಇವತ್ತಿನ ತನಕ ಕೊಟ್ಟಿಲ್ಲ.

ಅಲ್ಲಿಂದ ಶುರುವಾಯ್ತು ನಮ್ಮ ಪಾಡು. ಸ್ವರಗಳು ಸಲೀಸು. ಇ ಗೆ ಇಂಬಳ, ಕಾಲಿಗೆ ಹತ್ತಿದ್ದೂ ಉಪ್ಪು ಹಾಕಿದ್ದೂ ನಾಲ್ಕು ಜನ ಬರೆದ್ರು. ಐ ಬಂದ ದಿನ ಒಂಬತ್ತರಲ್ಲಿ ಏಳು ಜನ ಐನ್‌ಮನೆ (ಕುಟುಂಬದ ಮೂಲ ಮನೆ), ಏಳರಲ್ಲಿ ಐದು ಜನಕ್ಕೆ ನೆಲ್ಲಕ್ಕಿ ಬಾಡೆಯ (ಆ ಮನೆಯ ನಡು ಹಜಾರ) ದೀಪ, ಓದಿ ಓದಿ ಸಾಕಾಯ್ತು. ಅಃ ಗೆ ಎಂಥ ಬರೆಯೋದು ಅಂತ ಒದ್ದಾಡ್ತಿದ್ದಾಗ ನರ್ಸ್ ಮಾತ್ರ ನೈಟ್ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚೋವಾಗ ಬರೋ ಸದ್ದು ಅಂತ ಎಂಟೇ ಸಾಲು ಬರೆದ್ರು, ಇಡೀ ಸವಾಲಲ್ಲಿ ನಂಗೆ ಅದಕ್ಕಿಂತ ಇಷ್ಟವಾದ್ದು ಇಲ್ಲ.

18ನೇ ದಿನ ಆಗಸ್ಟ್ 3, ಕಕ್ಕಡ ಹದಿನೆಂಟು, ಮದ್ದ್ ತೊಪ್ಪು ಅನ್ನೋ ಔಷಧಿ ಸೊಪ್ಪು ಬೇಯಿಸಿ ಪಾಯಸ ಮಾಡೋ ದಿನ. ಅವತ್ತು ಬಿದ್ದ ಅಕ್ಷರ ಗ. ಮೂರು ಜನ ಮದ್ದ್ ತೊಪ್ಪಿನ ಗಮ ಅಂತ ಹೆಡ್ಡಿಂಗ್ ಕೊಟ್ಟು ಬರೆದ್ಬಿಟ್ರು. ಬ್ಯಾಂಕ್ ಅಂಕಲ್ ಮೂರೂ ಹಾಳೆ ಮೇಲೆ "ಘಮ, ಮಹಾಪ್ರಾಣ, ನಾಳೆ ಬನ್ನಿ" ಅಂತ ಬರೆದಿಟ್ರು. ನಗೋದೋ ಅಳೋದೋ. ನೇರಳೆ ಬಣ್ಣ ಬಿಡೋ ಸೊಪ್ಪಿನ ಬಗ್ಗೆ, ಮಾರನೇ ದಿನ ಮೂತ್ರ ಕೆಂಪಗಾಗಿದ್ದು ನೋಡಿ ಬೆಂಗಳೂರಿನ ಭಾವ ಹೆದರಿ ಆಸ್ಪತ್ರೆಗೆ ಹೊರಟಿದ್ದರ ಬಗ್ಗೆ ಗೋಣಿಕೊಪ್ಪದ ಅಕ್ಕ ಅಷ್ಟು ಚೆಂದ ಬರೆದಿದ್ರು, ಅಂಕಲ್ ಕಣ್ಣಿಗೆ ಬಿದ್ದಿದ್ದು ಘ ಒಂದೇ. ಇದು ಈ ಕೂಟದ ಒಂದು ಸಮಸ್ಯೆ, ಹೇಳೇ ಹೇಳ್ತೀನಿ. ಕಾಮೆಂಟ್ ಅಂದ್ರೆ ತಪ್ಪು ಹುಡುಕೋದು ಅಂತ ತಿಳ್ಕೊಂಡವರು ಎಲ್ಲಾ ಕಡೆ ಇರ್ತಾರೆ, ಪ್ರೂಫ್ ನೋಡಿದ ಅಕ್ಕನೇ ಅವರಿಗೆ "ಅಂಕಲ್, ಅದು ನನ್ನ ಹಳೇ ಕೆಲಸ, ನೀವು ಓದಿ" ಅಂತ ಹೇಳ್ಬೇಕಾಯ್ತು. ಆಮೇಲೆ ಸ್ವಲ್ಪ ಸುಧಾರಿಸಿದ್ದಾರೆ. ಸ್ವಲ್ಪ.

ಙ ಗೆ ಯಾರ ಹತ್ರಾನೂ ಪದ ಇರ್ಲಿಲ್ಲ, ಅವತ್ತು ರಜ ಅಂತ ಘೋಷಿಸಿದ್ವಿ. ಞ ಗೂ ಅದೇ ಗತಿ ಅಂದ್ಕೊಂಡಿದ್ವಿ, ಅಷ್ಟರಲ್ಲಿ ಅಣ್ಣ ಸದ್ದಿಲ್ಲದೇ ಒಂದು ಹಾಳೆ ತಂದಿಟ್ರು: ಞಂಡ್. ಕೊಡವ ತಕ್ಕ್‌ನಲ್ಲಿ, ಅಂದ್ರೆ ಕೊಡವ ಭಾಷೇಲಿ, ಏಡಿ. ಮಳೇಲಿ ಗದ್ದೆ ಬದುವಲ್ಲಿ ತೂತಿಗೆ ಕೈ ಹಾಕಿ ಏಡಿ ಹಿಡಿಯೋದು, ಅದು ಬೆರಳು ಕಚ್ಚಿದಾಗ ಅಪ್ಪನ ಎದುರು ಅಳದೇ ನಿಂತಿದ್ದು, ರಾತ್ರಿ ಞಂಡ್ ಕರಿ. ಕನ್ನಡದ ವರ್ಣಮಾಲೆಯಲ್ಲಿ ಸುಮ್ನೆ ಕೂತಿದ್ದ ಅಕ್ಷರಕ್ಕೆ ಪಕ್ಕದ ಮನೆಯಿಂದ ಕೆಲಸ ಸಿಕ್ಕಿದ ಹಂಗಾಯ್ತು ಅಂತ ಟೀಚರ್ ಅಂಚಲ್ಲಿ ಬರೆದ್ರು. ಅಣ್ಣ ಆ ಹಾಳೇನ ಫ್ರೇಮ್ ಹಾಕಿಸ್ತೀನಿ ಅಂತ ಇನ್ನೂ ಹೇಳ್ತಾನೇ ಇದ್ದಾರೆ.

ನಾನು ಬಿದ್ದಿದ್ದು ಟ ದಲ್ಲಿ. ಟಾರ್ಪಾಲ್ ಅಂತ ಬರೆದೆ, ಮಾರನೇ ದಿನದಿಂದ ಮನೇಲಿ ಎರಡು ದಿನ ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಆಮೇಲೆ ಗದ್ದೆ ಕೆಲಸ, ಅಲ್ಲಿಗೆ ಮುಗೀತು. ಎಣಿಸಿ ನೋಡಿದ್ರೆ ಟ 26ನೇ ಅಕ್ಷರ! ಇಂಗ್ಲಿಷ್ ಆಗಿದ್ರೆ ಗೆದ್ದಿರ್ತಿದ್ದೆ. ಪೂರ್ತಿ ಮುಗಿಸಿದ್ದು ಮೂರೇ ಜನ, ಅದರಲ್ಲಿ ಅಂಕಲ್ ಒಬ್ರು, ಒಪ್ಕೋಬೇಕು. ಮುಗಿಸಿದವರಿಗೆ ಬಹುಮಾನ ಗಿಹುಮಾನ ಏನಿಲ್ಲ. ಮುಗಿಸದವರನ್ನ ಯಾರೂ ಆಡ್ಕೊಳ್ಳಲಿಲ್ಲ, ನಾನು ಓದೋದು ಬಿಡ್ಲಿಲ್ಲ, ಟ ಆದ್ಮೇಲೂ ಬೇರೆಯವರ ಅಂಚಲ್ಲಿ ಬರೀತಾನೇ ಇದ್ದೆ, ಅದಕ್ಕೇ ಸೋತೆ ಅಂತ ಅನ್ನಿಸ್ಲೇ ಇಲ್ಲ.

ಒಂದು ಸಲ ಮಾತ್ರ ಇಲ್ಲಿಯ ನಿಯಮ ನಂಗೆ ಕಷ್ಟ ಆಗಿತ್ತು. ಇದು ಸವಾಲಿಗಿಂತ ಮುಂಚೆ, ಚೀಟಿಯಲ್ಲಿ "ಬಾಗಿಲು" ಬಂದಿತ್ತು. ಮಕ್ಕಂದೂರು ಕಡೆಯ ಹುಡುಗಿ 2018ರ ಆಗಸ್ಟ್ ಬಗ್ಗೆ ಬರೆದಿದ್ಲು. ಆ ವರ್ಷ ಏನಾಯ್ತು ಅಂತ ಕೊಡಗಿನವರಿಗೆ ಬಿಡಿಸಿ ಹೇಳೋದು ಬೇಡ, ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಗುಡ್ಡ ಗುಡ್ಡವೇ ಇಳಿದು ಬಂತು, ಮಂಗಳೂರು ರೋಡ್ ಬಂದ್ ಆಯ್ತು. ಅವಳು ಗುಡ್ಡದ ಬಗ್ಗೆ ಒಂದು ಸಾಲೂ ಬರೆದಿರ್ಲಿಲ್ಲ. ಮನೆ ಬಿಟ್ಟು ಹೊರಡೋವಾಗ ಅಮ್ಮ ಬಾಗಿಲಿಗೆ ಬೀಗ ಹಾಕಿದ್ರು, ಆಮೇಲೆ ಅರ್ಧ ದಾರಿಯಿಂದ ವಾಪಸ್ ಹೋಗಿ ಬೀಗ ತೆಗೆದು ಬಂದ್ರು, ದನದ ಕೊಟ್ಟಿಗೆಯದ್ದೂ, ಅಷ್ಟೇ ಬರೆದಿದ್ಲು. ಹಾಳೆ ಸುತ್ತಿ ನನ್ನ ಹತ್ರ ಬಂದಾಗ ಅಂಚಲ್ಲಿ ಆಗಲೇ ಐದು ಪ್ರಶ್ನೆ. ದನ ಏನಾಯ್ತು? ಮನೆ ಉಳೀತಾ? ಮತ್ತೆ ಹೋಗಿದ್ರಾ? ನಿಯಮದ ಪ್ರಕಾರ ಸರಿಯೇ, ಪ್ರಶ್ನೆ ಕೇಳ್ಬೇಕಲ್ಲ. ಆದ್ರೆ ಆ ಹುಡುಗಿ ಕಿಟಕಿ ಕಡೆ ನೋಡ್ತಾ ಕೂತಿದ್ಲು, ಕಾಫಿ ಆರಿ ಕೆನೆ ಕಟ್ಟಿತ್ತು, ನಂಗೆ ಆರನೇ ಪ್ರಶ್ನೆ ಬರೆಯೋಕೆ ಕೈ ಬರ್ಲಿಲ್ಲ. ಬೀಗ ತೆಗೆದ ಸಾಲಿಗೆ ಗೆರೆ ಎಳೆದು ಪಕ್ಕಕ್ಕೆ ಕೊಟ್ಟೆ. ಫೈನ್ ಹಾಕ್ತಾರೇನೋ ಅಂದ್ಕೊಂಡಿದ್ದೆ. ಮುಂದಿನ ತಿಂಗಳು ಹೋದಾಗ ಗೋಡೆ ಮೇಲಿನ ನಿಯಮದ ಹಾಳೆಗೆ ಅಕ್ಕ ಕೈಯಲ್ಲಿ ಒಂದು ಸಾಲು ಸೇರಿಸಿದ್ರು, ಕೇಳೋಕೆ ಆಗದಿದ್ರೆ ಗೆರೆ ಎಳೆದು ಬಿಡಿ ಅಂತ. ಹುಡುಗಿ ಆಮೇಲೂ ಬರ್ತಾ ಇದ್ದಾಳೆ. ದನದ ಕತೇನ ಸವಾಲಲ್ಲಿ ದ ಬಂದ ದಿನ ಅವಳಾಗೇ ಬರೆದ್ಲು, ಯಾರೂ ಕೇಳದೇ.

ಊಟದ ವಿಷಯಕ್ಕೆ ಬರ್ತೀನಿ, ರಿವ್ಯೂ ಅಂತ ಹೇಳಿ ಇಷ್ಟು ಹೊತ್ತು ಸತಾಯಿಸಿದೆ. ಬೆಲ್ಲದ ಕಾಫಿ ಚೆನ್ನಾಗಿದೆ (ಹತ್ತು ರೂಪಾಯಿ ಕೊಡ್ತೀನಿ ಬಿಡಿ), ಅಂದ್ರೆ ಹಾಲಿಲ್ಲದ ರೊಬಸ್ಟಾ, ಕಡುಕಪ್ಪು, ಬೆಲ್ಲ ಕುದೀವಾಗಲೇ ಹಾಕಿರ್ತಾರೆ, ಮಳೇಲಿ ನೆನೆದು ಬಂದವರಿಗೆ ಗಂಟಲಿಂದ ಹೊಟ್ಟೆ ತನಕ ಗೊತ್ತಾಗುತ್ತೆ. ಫಿಲ್ಟರ್ ಕಾಫಿ ಬೇಡ, ಡಿಕಾಕ್ಷನ್ ಬೆಳಗ್ಗೆದು ಇರುತ್ತೆ ಸಂಜೆ ತನಕ. ಅಕ್ಕಿ ಒಟ್ಟಿ ತೆಳ್ಳಗೆ, ಕೆಂಡದ ಮೇಲೆ ಉಬ್ಬಿಸಿದ್ದು, ಎಳ್ಳು ಪಜ್ಜಿ ಜೊತೆ ಎಷ್ಟು ತಿಂದ್ರೂ ಗೊತ್ತಾಗಲ್ಲ. ಪಂದಿ ಕರಿಗೆ ಕಾಚಂಪುಳಿ ಸರಿಯಾಗಿ ಹಾಕ್ತಾರೆ, ಟೂರಿಸ್ಟ್ ಹೋಟೆಲ್‌ಗಳ ಹಂಗೆ ವಿನೆಗರ್ ಸುರಿದು ಮಸಾಲೆ ಕಪ್ಪು ಮಾಡೋ ಕೆಲಸ ಇಲ್ಲ. ಆದ್ರೆ ಹಾಳೆ ಸುತ್ತು ಮುಗಿದ ಮೇಲೇ ಕರಿ ಬರೋದು, ಒಂದ್ಸಲ ಯಾರದೋ ಕವನದ ಮೇಲೆ ಎಣ್ಣೆ ಕಲೆ ಬಿದ್ದು ಎರಡು ಸಾಲು ಕಾಣದೇ ಹೋಯ್ತಂತೆ, ಕವನ ಅದರಿಂದ ಸುಧಾರಿಸ್ತು ಅಂತ ಅಂಕಲ್ ಅಂದ್ರಂತೆ. ಸಸ್ಯಾಹಾರಿಗಳಿಗೆ ಮಳೆಗಾಲದಲ್ಲಿ ಬೈಂಬಳೆ (ಬಿದಿರಿನ ಕಳಲೆ) ಕರಿ ಸಿಗುತ್ತೆ, ಬೇರೆ ಟೈಮಲ್ಲಿ ಆಯ್ಕೆ ಕಮ್ಮಿ.

ದೂರುಗಳೂ ಉಂಟು. ಮೆಟ್ಟಿಲು ಜಾರುತ್ತೆ, ಹಿಡ್ಕೊಳ್ಳೋಕೆ ಹಗ್ಗ ಕಟ್ಟಿದ್ದಾರೆ, ವಯಸ್ಸಾದವರಿಗೆ ಅದು ಸಾಲದು. ಟಾಯ್ಲೆಟ್ ಕೆಳಗೆ, ಹೊರಗೆ, ಮಳೇಲಿ ಕೊಡೆ ಹಿಡ್ಕೊಂಡು ಹೋಗ್ಬೇಕು. ವೈಫೈ ಇಲ್ಲ, ಅಕ್ಕ ಅದನ್ನ ಹೆಮ್ಮೆಯಿಂದ ಹೇಳ್ತಾರೆ. ಒಂಬತ್ತು ಜನಕ್ಕಿಂತ ಹೆಚ್ಚಾದ್ರೆ ಹಾಳೆ ಸುತ್ತೋಕೆ ಒಂದೂವರೆ ಗಂಟೆ ದಾಟುತ್ತೆ, ಹೊಸಬರು ಬಂದ್ರೆ ಮೊದಲ ಸಲ ಓದೋಕೆ ಮಾತ್ರ ಬಿಡ್ತಾರೆ, ಬರೆದಿದ್ದನ್ನ ತರೋಕೆ ಎರಡನೇ ಸಲ. ಇದು ಕೆಲವರಿಗೆ ಸಿಟ್ಟು ಬರಿಸಿದೆ, ಒಬ್ರು ಕವಿಗಳು ಎದ್ದು ಹೋದ್ರು. ನಂಗೆ ಅದು ಸರಿ ಅನ್ಸುತ್ತೆ. ಬೇರೆಯವರದ್ದನ್ನ ಎಂಟು ಹಾಳೆ ಓದಿ ಕೂತ್ಕೊಳ್ಳೋಕೆ ಆಗದವರು ತಮ್ಮದೊಂದು ಹಾಳೆ ಎಂಟು ಜನ ಓದಲಿ ಅಂದ್ರೆ ಹೇಗೆ.

ಕಾಫಿಗೂ ಜಾಗಕ್ಕೂ ಸೇರಿ ಮೂರೂವರೆ ಸ್ಟಾರು, ಪಂದಿ ಕರಿಗೆ ನಾಲ್ಕು, ಪೆನ್ಸಿಲ್‌ಗೆ ಐದು. ಊಟಕ್ಕೆ ಮಾತ್ರ ಹೋಗೋರು ಸೋಮವಾರ ಬಿಟ್ಟು ಯಾವ ದಿನ ಬೇಕಾದ್ರೂ ಹೋಗಿ, 11ರಿಂದ 7. ಕಾರ್ಡ್ ನಡೆಯಲ್ಲ, ಫೋನ್‌ಪೇ ನಡೆಯುತ್ತೆ ನೆಟ್‌ವರ್ಕ್ ಇದ್ರೆ, ಚಿಲ್ಲರೆ ಇಟ್ಕೊಂಡಿರಿ.

ಅಂದಹಾಗೆ ಮೊನ್ನೆ ನನ್ನ ಟಾರ್ಪಾಲ್ ಹಾಳೆ ವಾಪಸ್ ಬಂತು. ಅಂಚಲ್ಲಿ ಟೀಚರ್ ಕೇಳಿದ್ರು, "ಆ ನೀಲಿ ಟಾರ್ಪಾಲ್ ಈಗ ಎಲ್ಲಿದೆ?" ಗೊತ್ತಿರ್ಲಿಲ್ಲ. ಮನೆಗೆ ಬಂದು ಹುಡುಕಿದೆ, ಅಟ್ಟದಲ್ಲಿಲ್ಲ, ಕೊಟ್ಟಿಗೇಲಿಲ್ಲ, ಅಪ್ಪನ್ನ ಕೇಳಿದ್ರೆ ಪಕ್ಕದ ಲೈನ್‌ಮನೆಯವರಿಗೆ (ತೋಟದ ಕೆಲಸದವರ ಸಾಲು ಮನೆ) ಸೋರುತ್ತೆ ಅಂತ ಕೊಟ್ಟು ಎರಡು ವರ್ಷ ಆಯ್ತು ಅಂದ್ರು. ನಾಳೆ ಹೋಗಿ ನೋಡ್ಕೊಂಡು ಬರ್ತೀನಿ, ಇನ್ನೂ ಸೋರ್ತಾ ಇದ್ಯಾ ಅಂತ.